ಹಳೆಯ ಕಂಪ್ಯೂಟರಿನಲ್ಲಿ ತಾಂತ್ರಿಕ ನಕ್ಷೆಯ ಕಡತಗಳನ್ನು ತೆರೆದು ತಿದ್ದುವ ಬಗೆ: ಕನ್ನಡ ಮಾಧ್ಯಮ ಕುಟುಂಬಗಳಿಗೊಂದು ಕೈಪಿಡಿ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಐಟಿಐಯ ಡ್ರಾಫ್ಟ್ಸ್‌ಮನ್ ವಿಭಾಗಕ್ಕೋ ಪಾಲಿಟೆಕ್ನಿಕ್ಕಿನ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಿಗೋ ಸೇರಿದಾಗ ಮೊದಲು ಎದುರಾಗುವ ತೊಡಕು ಭಾಷೆಯದು. ಕಾಸರಗೋಡಿನವರಿಗೆ ಮಲಯಾಳ, ತಾಳವಾಡಿಯವರಿಗೆ ತಮಿಳು, ಅಕ್ಕಲಕೋಟೆ-ಜತ್ತದವರಿಗೆ ಮರಾಠಿ, ಆದವಾನಿ-ಮಡಕಶಿರಾದವರಿಗೆ ತೆಲುಗು. ಎಲ್ಲರಿಗೂ ಮೇಲಿನಿಂದ ಇಂಗ್ಲಿಷ್. ಈ ತೊಡಕಿನ ಬೆನ್ನಿಗೇ ಬರುವ ಎರಡನೆಯ ತೊಡಕಿನ ಬಗ್ಗೆ ನಾವು ಮಾತನಾಡುವುದು ಕಡಿಮೆ. ಅಧ್ಯಾಪಕರು ಮೊಬೈಲಿಗೆ ಒಂದು ನಕ್ಷೆಯ ಕಡತವನ್ನು ಕಳುಹಿಸಿ, ಅದನ್ನು ತಿದ್ದಿ ತರಲು ಹೇಳುತ್ತಾರೆ. ಮನೆಯಲ್ಲಿರುವುದು ಹತ್ತು ಹನ್ನೆರಡು ವರ್ಷದ ಹಿಂದಿನ ಕಂಪ್ಯೂಟರ್. ಅದರಲ್ಲಿ ಕಡತ ತೆರೆಯುವುದೇ ಇಲ್ಲ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ: ಹೊಸ ಕಂಪ್ಯೂಟರ್ ಕೊಳ್ಳಿ, ಇಲ್ಲವೇ ನಕಲಿ ಪ್ರತಿಯೊಂದನ್ನು ಹಾಕಿಕೊಡುತ್ತೇವೆ.

ಹೆಚ್ಚಿನ ಸಂದರ್ಭಗಳಲ್ಲಿ ಈ ಎರಡೂ ಬೇಕಿಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಎರಡು ಆಯಾಮದ ನಕ್ಷೆಯನ್ನು, ಎಂದರೆ ಮನೆಯ ಪ್ಲಾನ್, ಯಂತ್ರದ ಬಿಡಿಭಾಗದ ಮೇಲ್ನೋಟ, ಮುನ್ನೋಟ ಮುಂತಾದವುಗಳನ್ನು ತಿದ್ದಲು ಹಳೆಯ ಕಂಪ್ಯೂಟರ್ ಸಾಕು. ಕಡತದ ಸ್ವರೂಪ ಯಾವುದು, ಕಂಪ್ಯೂಟರಿನ ಬಲ ಎಷ್ಟು, ಇವೆರಡಕ್ಕೂ ಹೊಂದುವ ತಂತ್ರಾಂಶ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಈ ಕ್ರಮದಲ್ಲಿಯೇ ಉತ್ತರ ಕಂಡುಕೊಳ್ಳಬೇಕು.

ಕಡತದ ಸ್ವರೂಪವನ್ನು ಗುರುತಿಸುವುದು

ನಕ್ಷೆಯ ಕಡತಗಳು ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಬರುತ್ತವೆ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಇರುವ ಮೂರು ಅಕ್ಷರಗಳು ಆ ರೂಪವನ್ನು ಹೇಳುತ್ತವೆ.

ಮೊದಲನೆಯದು ಡಿಡಬ್ಲ್ಯುಜಿ. ಇದು 1982ರಲ್ಲಿ ಆಟೋಡೆಸ್ಕ್ ಸಂಸ್ಥೆ ಹೊರತಂದ ಆಟೋಕ್ಯಾಡ್ ತಂತ್ರಾಂಶದ ಸ್ವಂತ ರೂಪ. ಇದರ ಒಳರಚನೆಯನ್ನು ಸಂಸ್ಥೆಯು ಬಹಿರಂಗಪಡಿಸಿಲ್ಲ. ಆದುದರಿಂದ ಬೇರೆ ತಂತ್ರಾಂಶಗಳಿಗೆ ಇದನ್ನು ಓದುವುದು ಕಷ್ಟ. ಸಾಲದುದಕ್ಕೆ ಕೆಲವು ವರ್ಷಗಳಿಗೊಮ್ಮೆ ಈ ರೂಪ ಬದಲಾಗುತ್ತದೆ. ಹಳೆಯ ತಂತ್ರಾಂಶ ಹೊಸ ರೂಪವನ್ನು ತೆರೆಯುವುದಿಲ್ಲ.

ಎರಡನೆಯದು ಡಿಎಕ್ಸ್‌ಎಫ್. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕ್ಷೆಯನ್ನು ಸಾಗಿಸುವುದಕ್ಕೆಂದೇ ಅದೇ ಸಂಸ್ಥೆ ರೂಪಿಸಿ, ವಿವರಗಳನ್ನು ಪ್ರಕಟಿಸಿದ ರೂಪವಿದು. ಸಾಮಾನ್ಯವಾಗಿ ಇದು ಕೇವಲ ಅಕ್ಷರ, ಅಂಕೆಗಳ ಕಡತ. ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ಗೆರೆಯ ವಿವರವೂ ಸಾಲುಸಾಲಾಗಿ ಕಾಣುತ್ತದೆ. 10 ಮತ್ತು 20 ಎಂಬ ಸಂಕೇತಗಳ ಕೆಳಗೆ ಗೆರೆಯ ಆರಂಭಬಿಂದುವಿನ ನಿರ್ದೇಶಾಂಕಗಳೂ 11 ಮತ್ತು 21ರ ಕೆಳಗೆ ಅಂತ್ಯಬಿಂದುವಿನ ನಿರ್ದೇಶಾಂಕಗಳೂ ಇರುತ್ತವೆ. ಶಾಲೆಯಲ್ಲಿ ಕಲಿತ ನಿರ್ದೇಶಾಂಕ ರೇಖಾಗಣಿತವೇ ಇಲ್ಲಿ ಕೆಲಸಕ್ಕೆ ಬಂದಿರುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಭಯ ಅರ್ಧ ಕಡಿಮೆಯಾಗುತ್ತದೆ.

ಮೂರನೆಯದು ಪಿಡಿಎಫ್. ಇದು ನೋಡಲು, ಮುದ್ರಿಸಲು ಮಾತ್ರ ಅನುಕೂಲವಾದದ್ದು. ನಕ್ಷೆಯ ತಂತ್ರಾಂಶದಿಂದಲೇ ಹೊರಟ ಪಿಡಿಎಫ್ ಆಗಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಡಿಎಕ್ಸ್‌ಎಫ್ ಆಗಿ ಉಳಿಸಬಹುದು. ಆದರೆ ಅಳತೆಯ ಪ್ರಮಾಣವನ್ನು ಅನಂತರ ಸರಿಪಡಿಸಿಕೊಳ್ಳಬೇಕು. ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿದ್ದರೆ ಅದು ಬರಿಯ ಚಿತ್ರ. ಅದನ್ನು ಮತ್ತೆ ಗೆರೆ ಎಳೆದೇ ಬಿಡಿಸಬೇಕು.

ಡಿಡಬ್ಲ್ಯುಜಿ ಯಾವ ಕಾಲದ್ದು ಎಂದು ತಿಳಿಯುವ ಸುಲಭ ಮಾರ್ಗ

ಕಡತದ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅರ್ಥವಾಗದ ಗುರುತುಗಳ ನಡುವೆ ಮೊಟ್ಟಮೊದಲು ಎ, ಸಿ ಎಂಬ ಎರಡು ಇಂಗ್ಲಿಷ್ ಅಕ್ಷರಗಳೂ ನಾಲ್ಕು ಅಂಕೆಗಳೂ ಕಾಣುತ್ತವೆ. ಆ ನಾಲ್ಕು ಅಂಕೆಗಳ ಅರ್ಥ ಹೀಗಿದೆ:

- 1009: ಆಟೋಕ್ಯಾಡ್ 11 ಮತ್ತು 12ನೆಯ ಬಿಡುಗಡೆ
- 1012: 13ನೆಯ ಬಿಡುಗಡೆ
- 1014: 14ನೆಯ ಬಿಡುಗಡೆ
- 1015: 2000ದಿಂದ 2002ರವರೆಗಿನ ಆವೃತ್ತಿಗಳು
- 1018: 2004ರಿಂದ 2006
- 1021: 2007ರಿಂದ 2009
- 1024: 2010ರಿಂದ 2012
- 1027: 2013ರಿಂದ 2017
- 1032: 2018 ಮತ್ತು ಅನಂತರದವು

ಮನೆಯ ಕಂಪ್ಯೂಟರಿನಲ್ಲಿ ಆಟೋಕ್ಯಾಡ್ 2007 ಇದೆ, ಬಂದ ಕಡತದಲ್ಲಿ 1032 ಎಂದಿದೆ ಎಂದಾದರೆ ಅದು ತೆರೆಯದಿರುವುದು ಕಂಪ್ಯೂಟರಿನ ದೋಷವೂ ಅಲ್ಲ, ಮಗುವಿನ ತಪ್ಪೂ ಅಲ್ಲ. ನೋಟ್‌ಪ್ಯಾಡಿನಿಂದ ಹೊರಬರುವಾಗ ಕಡತವನ್ನು ಉಳಿಸಬಾರದು. ಉಳಿಸಿದರೆ ಕಡತ ಕೆಡುತ್ತದೆ. ಆದುದರಿಂದಲೇ ಪ್ರತಿಯನ್ನು ತೆರೆಯಿರಿ ಎಂದು ಮೊದಲೇ ಹೇಳಿದೆವು.

ಕಂಪ್ಯೂಟರಿನ ಬಲವನ್ನು ಅರಿಯುವುದು

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಮೈ ಕಂಪ್ಯೂಟರ್ ಎಂಬಲ್ಲಿ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ಆಯ್ದುಕೊಂಡರೆ ಮೂರು ಸಂಗತಿಗಳು ತಿಳಿಯುತ್ತವೆ: ವಿಂಡೋಸ್ ಯಾವುದು, ರ‍್ಯಾಮ್ ಎಷ್ಟು, ವ್ಯವಸ್ಥೆ 32 ಬಿಟ್‌ನದೋ 64 ಬಿಟ್‌ನದೋ. ಇವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಅಂಗಡಿಯಲ್ಲಾಗಲಿ ಶಾಲೆಯಲ್ಲಾಗಲಿ ಮೊದಲು ಕೇಳುವುದು ಇದನ್ನೇ.

ಆಟೋಕ್ಯಾಡ್‌ನ 2020ರ ಆವೃತ್ತಿಯಿಂದ ಮುಂದಿನವು 64 ಬಿಟ್ ವ್ಯವಸ್ಥೆಯಲ್ಲಿ ಮಾತ್ರ ನಡೆಯುತ್ತವೆ. ಇತ್ತೀಚಿನವಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಸಂಸ್ಥೆ ಒಂದೊಂದು ವರ್ಷದ ಅವಧಿಗೆ ಉಚಿತ ಪರವಾನಗಿ ನೀಡುವುದು ನಿಜ. ಅರ್ಹ ವಿದ್ಯಾಸಂಸ್ಥೆಯಲ್ಲಿ ಕಲಿಯುತ್ತಿರುವುದಕ್ಕೆ ದಾಖಲೆ ಒದಗಿಸಿದರೆ ಅದು ಸಿಗುತ್ತದೆ. ಆದರೆ 2 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿನಲ್ಲಿ ಆ ಪರವಾನಗಿ ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಎಕ್ಸ್‌ಪಿ ಅಥವಾ 7 ಇರುವ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಜೋಡಿಸದೆ, ಪೆನ್‌ಡ್ರೈವಿನ ಮೂಲಕ ಕಡತ ತಂದು ನಕ್ಷೆಯ ಕೆಲಸಕ್ಕೆ ಮಾತ್ರ ಬಳಸುವುದು ಸುರಕ್ಷಿತ. ಇಲ್ಲವೇ ಅದರಲ್ಲಿ ಹಗುರವಾದ ಲಿನಕ್ಸ್ ಅಳವಡಿಸಬಹುದು. 64 ಬಿಟ್ ಸಂಸ್ಕಾರಕ ಮತ್ತು 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಸಾಕು. 32 ಬಿಟ್ ಕಂಪ್ಯೂಟರಿಗೆ ಡೆಬಿಯನ್‌ನ 12ನೆಯ ಆವೃತ್ತಿ ಹೊಂದುತ್ತದೆ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಹೊಸ ಕಂಪ್ಯೂಟರಿಗಿಂತ ಮೊದಲು ರ‍್ಯಾಮ್ ಹೆಚ್ಚಿಸುವುದನ್ನೂ ಹಳೆಯ ಹಾರ್ಡ್‌ಡಿಸ್ಕಿನ ಸ್ಥಳದಲ್ಲಿ ಎಸ್‌ಎಸ್‌ಡಿ ಹಾಕಿಸುವುದನ್ನೂ ಯೋಚಿಸಬೇಕು. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ.

ಯಾವ ತಂತ್ರಾಂಶ ಯಾರಿಗೆ?

ಲಿಬ್ರೆಕ್ಯಾಡ್: ಹಳೆಯ ಕಂಪ್ಯೂಟರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಇದು ಪೂರ್ಣ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಎರಡು ಆಯಾಮದ ನಕ್ಷೆಗಷ್ಟೇ ಸೀಮಿತವಾದುದರಿಂದ ಹಗುರವಾಗಿದೆ. ಡಿಎಕ್ಸ್‌ಎಫ್ ಕಡತಗಳನ್ನು ತೆರೆದು, ತಿದ್ದಿ, ಉಳಿಸುತ್ತದೆ. ಡಿಡಬ್ಲ್ಯುಜಿ ಕಡತಗಳನ್ನು ಭಾಗಶಃ ಮಾತ್ರ ಓದಬಲ್ಲದು. ಆ ರೂಪದಲ್ಲಿ ಉಳಿಸಲಾರದು. ಈ ಮಿತಿಯನ್ನು ಮೊದಲೇ ಅರಿತಿದ್ದರೆ ನಿರಾಶೆಯಿಲ್ಲ.

ಕ್ಯೂಕ್ಯಾಡ್: ಲಿಬ್ರೆಕ್ಯಾಡ್ ಹುಟ್ಟಿದ್ದೇ ಇದರ ಹಳೆಯ ಮುಕ್ತ ಆವೃತ್ತಿಯಿಂದ. ಇದರ ಸಮುದಾಯ ಆವೃತ್ತಿ ಉಚಿತ, ಡಿಎಕ್ಸ್‌ಎಫ್‌ಗೆ ಸೀಮಿತ. ವೃತ್ತಿಪರ ಆವೃತ್ತಿಗೆ ಹಣ ಕೊಡಬೇಕು. ಅದು ಡಿಡಬ್ಲ್ಯುಜಿಯನ್ನು ತೆರೆಯುವುದೂ ಉಳಿಸುವುದೂ ಉಂಟು. ಪರೀಕ್ಷಾರ್ಥ ಪ್ರತಿ ಒಮ್ಮೆಗೆ 15 ನಿಮಿಷ ಮಾತ್ರ ನಡೆಯುತ್ತದೆ.

ಫ್ರೀಕ್ಯಾಡ್: ಮೂರು ಆಯಾಮದ ವಸ್ತುಗಳ ರಚನೆಗೆ ಒದಗುವ ಉಚಿತ, ಮುಕ್ತ ತಂತ್ರಾಂಶ. 2024ರ ನವೆಂಬರಿನಲ್ಲಿ ಇದರ 1.0 ಆವೃತ್ತಿ ಬಂದಿತು. ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ; ಆದರೆ ತೀರ ಹಳೆಯ ಕಂಪ್ಯೂಟರಿಗೆ ಭಾರವಾಗುತ್ತದೆ.

ಡ್ರಾಫ್ಟ್‌ಸೈಟ್: ಹಿಂದೆ ಉಚಿತವಾಗಿದ್ದುದರಿಂದ ಇದರ ಹೆಸರನ್ನು ಹಿರಿಯ ವಿದ್ಯಾರ್ಥಿಗಳು ಈಗಲೂ ಹೇಳುವುದುಂಟು. ಅದರ ಉಚಿತ ಆವೃತ್ತಿ 2019ರ ಕೊನೆಗೆ ನಿಂತುಹೋಗಿದೆ. ಹಳೆಯ ಉಚಿತ ಪ್ರತಿಯನ್ನು ಹುಡುಕಿ ಕಾಲ ಕಳೆಯಬೇಕಿಲ್ಲ.

ಬ್ರೌಸರಿನಲ್ಲಿ ನಡೆಯುವ ತಂತ್ರಾಂಶಗಳು: ಇವಕ್ಕೆ ಹೊಸ ಬ್ರೌಸರೂ ಉತ್ತಮ ಅಂತರ್ಜಾಲವೂ ಬೇಕು. ಕ್ರೋಮ್ ಬ್ರೌಸರ್ 2023ರಲ್ಲಿಯೇ ವಿಂಡೋಸ್ 7ರ ಬೆಂಬಲವನ್ನು ಕೈಬಿಟ್ಟಿರುವುದರಿಂದ ಹಳೆಯ ಕಂಪ್ಯೂಟರಿಗೆ ಈ ದಾರಿ ಹೊಂದುವುದಿಲ್ಲ.

ಡಿಡಬ್ಲ್ಯುಜಿಯನ್ನು ಡಿಎಕ್ಸ್‌ಎಫ್ ಆಗಿ ಬದಲಿಸುವುದು

ಎಲ್ಲಕ್ಕಿಂತ ಸುಲಭದ ದಾರಿ ಅಧ್ಯಾಪಕರನ್ನು ಕೇಳುವುದು. ಆಟೋಕ್ಯಾಡ್‌ನಲ್ಲಿ ಸೇವ್ ಆ್ಯಸ್ ಒತ್ತಿ, ಡಿಎಕ್ಸ್‌ಎಫ್ 2000 ಅಥವಾ 12ನೆಯ ಬಿಡುಗಡೆಯ ಡಿಎಕ್ಸ್‌ಎಫ್ ಎಂದು ಆಯ್ದುಕೊಳ್ಳಲು ಅವರಿಗೆ ಅರ್ಧ ನಿಮಿಷ ಸಾಕು. ಕೇಳಲು ಮಕ್ಕಳು ಹಿಂಜರಿಯುತ್ತಾರೆ. ಮಾತು ಬೇರೆ ಭಾಷೆಯಲ್ಲಿ ಆಡಬೇಕಾದಾಗ ಹಿಂಜರಿಕೆ ಇನ್ನೂ ಹೆಚ್ಚು. ಪೋಷಕರು ಧೈರ್ಯ ತುಂಬಿ, ಕೇಳಬೇಕಾದ ಒಂದು ವಾಕ್ಯವನ್ನು ಆ ಭಾಷೆಯಲ್ಲಿಯೇ ಬರೆದುಕೊಟ್ಟು ಕಳುಹಿಸಬೇಕು.

ಅದು ಸಾಧ್ಯವಾಗದಿದ್ದರೆ ಓಡಿಎ ಫೈಲ್ ಕನ್ವರ್ಟರ್ ಎಂಬ ಉಚಿತ ಪರಿವರ್ತಕವಿದೆ. 1998ರಲ್ಲಿ ಆರಂಭವಾದ ಓಪನ್ ಡಿಸೈನ್ ಅಲಯನ್ಸ್ ಎಂಬ ಸಂಘಟನೆ ಇದನ್ನು ಒದಗಿಸುತ್ತದೆ. ಇದನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿಯೇ ಹಾಕಬೇಕೆಂದಿಲ್ಲ. ಶಾಲೆಯಲ್ಲೋ ನೆರೆಮನೆಯಲ್ಲೋ ಇರುವ ಹೊಸ ಕಂಪ್ಯೂಟರ್ ಒಂದರಲ್ಲಿ ಹಾಕಿದರೆ ಸಾಕು. ಹಂತಗಳು ಹೀಗಿವೆ:

1. ಬದಲಿಸಬೇಕಾದ ಡಿಡಬ್ಲ್ಯುಜಿ ಕಡತಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ.
2. ಫಲಿತಾಂಶಕ್ಕಾಗಿ ಇನ್ನೊಂದು ಖಾಲಿ ಫೋಲ್ಡರ್ ಮಾಡಿ.
3. ಪರಿವರ್ತಕದಲ್ಲಿ ಎರಡೂ ಫೋಲ್ಡರುಗಳನ್ನು ತೋರಿಸಿ, ಬೇಕಾದ ಆವೃತ್ತಿಯಾಗಿ 2000ದ ಡಿಎಕ್ಸ್‌ಎಫ್ ಆಯ್ದುಕೊಳ್ಳಿ.
4. ಪರಿವರ್ತನೆ ಮುಗಿದ ಮೇಲೆ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ ಮನೆಗೆ ತನ್ನಿ.
5. ಲಿಬ್ರೆಕ್ಯಾಡ್‌ನಲ್ಲಿ ತಿದ್ದಿ, ಡಿಎಕ್ಸ್‌ಎಫ್ ಆಗಿಯೇ ಉಳಿಸಿ. ಅಧ್ಯಾಪಕರ ಆಟೋಕ್ಯಾಡ್ ಅದನ್ನು ನೇರವಾಗಿ ತೆರೆಯುತ್ತದೆ. ಮರಳಿ ಡಿಡಬ್ಲ್ಯುಜಿ ಮಾಡುವ ಅಗತ್ಯವಿಲ್ಲ.

12ನೆಯ ಬಿಡುಗಡೆಯ ಡಿಎಕ್ಸ್‌ಎಫ್ ಎಲ್ಲಕ್ಕಿಂತ ಸರಳವಾದದ್ದು, ಬಹುತೇಕ ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ. ಆದರೆ ಅದರಲ್ಲಿ ದೀರ್ಘವೃತ್ತ, ಸ್ಪ್ಲೈನ್ ಎಂಬ ನಯವಾದ ವಕ್ರರೇಖೆಗಳಿಗೆ ಸ್ಥಾನವಿಲ್ಲ. ಅವು ತುಂಡುಗೆರೆಗಳಾಗಿ ಒಡೆಯುತ್ತವೆ. ಸಿವಿಲ್ ನಕ್ಷೆಗೆ ಇದು ಬಾಧಕವಲ್ಲ. ಯಂತ್ರಭಾಗದ ನಕ್ಷೆಗೆ 2000ದ ರೂಪವೇ ಉತ್ತಮ.

ಪರಿವರ್ತನೆಯ ನಂತರ ನೋಡಲೇಬೇಕಾದ ನಾಲ್ಕು ಸಂಗತಿಗಳು

ಪರದೆಯ ಮೇಲೆ ನಕ್ಷೆ ಕಂಡಿತೆಂದ ಮಾತ್ರಕ್ಕೆ ಅದು ಸರಿಯಿದೆ ಎಂದಲ್ಲ.

ಮೊದಲು, ಅಳತೆ ಗೊತ್ತಿರುವ ಒಂದು ಗೆರೆಯನ್ನು ಅಳೆಯಬೇಕು. 3000 ಮಿಲಿಮೀಟರ್ ಇರಬೇಕಾದ ಗೋಡೆ 118.11 ಎಂದು ತೋರಿದರೆ ಕಡತ ಇಂಚಿನ ಲೆಕ್ಕದಲ್ಲಿದೆ ಎಂದರ್ಥ. ಇಡೀ ನಕ್ಷೆಯನ್ನು 25.4 ಪಟ್ಟು ಹಿಗ್ಗಿಸಿದರೆ ಸರಿಹೋಗುತ್ತದೆ. ಎರಡನೆಯದಾಗಿ, ಪದರಗಳೆಲ್ಲ ಇವೆಯೇ, ಯಾವುದಾದರೂ ಮರೆಯಾಗಿದೆಯೇ ಎಂದು ಪದರಪಟ್ಟಿಯಲ್ಲಿ ನೋಡಬೇಕು. ಮೂರನೆಯದಾಗಿ, ಗೋಡೆಯ ಛೇದಕ್ಕೆ ತುಂಬಿದ ಓರೆಗೆರೆಗಳೂ ಅಳತೆಯ ಬಾಣಗಳೂ ಸ್ಥಳ ತಪ್ಪಿಲ್ಲವೇ ಎಂದು ಪರಿಶೀಲಿಸಬೇಕು. ನಾಲ್ಕನೆಯದಾಗಿ, ಬರಹಗಳ ಗಾತ್ರ ಬದಲಾಗಿದೆಯೇ ಎಂದು ನೋಡಬೇಕು. ಅಕ್ಷರಶೈಲಿ ಇಲ್ಲದಿದ್ದರೆ ತಂತ್ರಾಂಶ ತನ್ನಲ್ಲಿರುವುದನ್ನು ಬಳಸುತ್ತದೆ.

ಮೂಲ ಕಡತವನ್ನು ಎಂದಿಗೂ ತಿದ್ದಬಾರದು. ಪ್ರತಿ ಮಾಡಿ, ಹೆಸರಿನ ಕೊನೆಗೆ ದಿನಾಂಕ ಸೇರಿಸಿ, ಅದರಲ್ಲಿ ಕೆಲಸ ಮಾಡುವುದು ಒಳ್ಳೆಯ ರೂಢಿ. ಕರೆಂಟು ಆಗಾಗ ಹೋಗುವ ಊರುಗಳಲ್ಲಿ ತಂತಾನೇ ಉಳಿಸುವ ವ್ಯವಸ್ಥೆಯನ್ನು ಚಾಲೂ ಇಟ್ಟಿರಬೇಕು.

ಅಭ್ಯಾಸಕ್ಕೊಂದು ಸಣ್ಣ ನಕ್ಷೆ

ಒಳ ಅಳತೆ 4000 ಮತ್ತು 3000 ಮಿಲಿಮೀಟರ್, ಗೋಡೆಯ ದಪ್ಪ 230 ಮಿಲಿಮೀಟರ್ ಇರುವ ಕೋಣೆಯೊಂದನ್ನು ಬಿಡಿಸೋಣ. ಲಿಬ್ರೆಕ್ಯಾಡ್‌ನಲ್ಲಿ ಅಳತೆಯ ಮಾನವನ್ನು ಮಿಲಿಮೀಟರ್ ಎಂದು ಆಯ್ದುಕೊಂಡು, ಎರಡು ಬಿಂದುಗಳ ರೇಖೆಯ ಉಪಕರಣವನ್ನು ಒತ್ತಿ, ಆದೇಶದ ಸಾಲಿನಲ್ಲಿ ಒಂದೊಂದಾಗಿ ಹೀಗೆ ಬರೆದು ಎಂಟರ್ ಒತ್ತಬೇಕು:

0,0
@4000,0
@0,3000
@-4000,0
@0,-3000

@ ಗುರುತಿನ ಅರ್ಥ "ಈಗ ನಿಂತಿರುವ ಬಿಂದುವಿನಿಂದ" ಎಂದು. ಹೊರಗೋಡೆಗೆ ಇದೇ ರೀತಿ:

-230,-230
@4460,0
@0,3460
@-4460,0
@0,-3460

ಕೋಣೆಯ ಎರಡೂ ಬದಿಗೆ 230 ಸೇರುವುದರಿಂದ 4000 ಎಂಬುದು 4460 ಆಯಿತು. ಮಗು ಇದನ್ನು ತಾನೇ ಲೆಕ್ಕ ಹಾಕಲಿ. 1:50 ಪ್ರಮಾಣದಲ್ಲಿ ಮುದ್ರಿಸಿದರೆ ಈ ನಕ್ಷೆ ಕಾಗದದ ಮೇಲೆ 89.2 ಮತ್ತು 69.2 ಮಿಲಿಮೀಟರ್ ಆಗುತ್ತದೆ. 210 ಮತ್ತು 297 ಮಿಲಿಮೀಟರಿನ ಎ4 ಹಾಳೆಯಲ್ಲಿ ಸುಲಭವಾಗಿ ಹಿಡಿಯುತ್ತದೆ. ಮುದ್ರಿಸಿದ ಮೇಲೆ ಸ್ಕೇಲಿನಿಂದ ಅಳೆದು ನೋಡಿದರೆ ಕೆಲಸ ಸರಿಯಾಯಿತೋ ಇಲ್ಲವೋ ಯಾರನ್ನೂ ಕೇಳದೆ ತಿಳಿಯುತ್ತದೆ.

ಈ ನಿರ್ದೇಶಾಂಕದ ಕ್ರಮ ಆಟೋಕ್ಯಾಡ್‌ನಲ್ಲಿಯೂ ಇದೇ ತರಹದ್ದು. ಆದುದರಿಂದ ಮನೆಯಲ್ಲಿ ಲಿಬ್ರೆಕ್ಯಾಡ್‌ನಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಆದರೆ ಆದೇಶಗಳ ಹೆಸರುಗಳೆಲ್ಲ ಒಂದೇ ಅಲ್ಲ. ಪ್ರಾಯೋಗಿಕ ಪರೀಕ್ಷೆ ಆಟೋಕ್ಯಾಡ್‌ನಲ್ಲಿ ನಡೆಯುವುದಾದರೆ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಿಗುವ ಅವಧಿಯನ್ನು ಅದಕ್ಕೇ ಮೀಸಲಿಡಬೇಕು.

ಕನ್ನಡದಲ್ಲಿ ಕಲಿತದ್ದು ಇಲ್ಲಿ ಬೇರೆ ಹೆಸರಿನಲ್ಲಿದೆ

ನಮ್ಮ ಮಕ್ಕಳಿಗೆ ಗಣಿತ ಗೊತ್ತಿಲ್ಲದೆ ತೊಡಕಾಗುವುದಲ್ಲ, ಹೆಸರು ಗೊತ್ತಿಲ್ಲದೆ ತೊಡಕಾಗುತ್ತದೆ. ಕನ್ನಡ ಪಠ್ಯದ ರೇಖೆಯೇ ಇಲ್ಲಿಯ ಲೈನ್. ವೃತ್ತ ಎಂದರೆ ಸರ್ಕಲ್. ಕಂಸ ಎಂದರೆ ಆರ್ಕ್. ದೀರ್ಘವೃತ್ತ ಎಂದರೆ ಎಲಿಪ್ಸ್. ಸ್ಪರ್ಶಕ ಎಂದರೆ ಟ್ಯಾಂಜೆಂಟ್. ಲಂಬ ಎಂದರೆ ಪರ್ಪೆಂಡಿಕ್ಯುಲರ್. ಸಮಾಂತರ ಎಂದರೆ ಪ್ಯಾರಲಲ್, ಆಟೋಕ್ಯಾಡ್‌ನಲ್ಲಿ ಇದರ ಕೆಲಸ ಮಾಡುವುದು ಆಫ್‌ಸೆಟ್. ಪದರಕ್ಕೆ ಲೇಯರ್, ಅಳತೆ ನಮೂದಿಸುವುದಕ್ಕೆ ಡೈಮೆನ್ಶನ್, ಹೆಚ್ಚಾದ ಗೆರೆಯನ್ನು ಕತ್ತರಿಸುವುದಕ್ಕೆ ಟ್ರಿಮ್, ಕನ್ನಡಿಬಿಂಬಕ್ಕೆ ಮಿರರ್, ಓರೆಗೆರೆ ತುಂಬುವುದಕ್ಕೆ ಹ್ಯಾಚ್. ಈ ಹನ್ನೆರಡು ಹೆಸರುಗಳನ್ನು ಕನ್ನಡದೊಂದಿಗೆ ಒಂದು ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಪಕ್ಕದಲ್ಲಿ ತೂಗುಹಾಕಿದರೆ ಮೊದಲ ತಿಂಗಳಿಗೆ ಅದೇ ದೊಡ್ಡ ಸಹಾಯ.

ನಕ್ಷೆಯ ಮೇಲೆ ಕನ್ನಡ ಬರಹ ಬೇಕಾದಾಗ ಎಚ್ಚರ ಬೇಕು. ಲಿಬ್ರೆಕ್ಯಾಡ್ ತನ್ನದೇ ಗೆರೆಯಕ್ಷರಗಳನ್ನು ಬಳಸುವುದರಿಂದ ಅದರಲ್ಲಿ ಗುಣಿತಾಕ್ಷರ, ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲ. ನಕ್ಷೆಯನ್ನು ಪಿಡಿಎಫ್ ಅಥವಾ ಎಸ್‌ವಿಜಿ ಆಗಿ ಹೊರತೆಗೆದು, ಇಂಕ್‌ಸ್ಕೇಪಿನಲ್ಲೋ ಲಿಬ್ರೆಆಫೀಸ್ ಡ್ರಾದಲ್ಲೋ ಯೂನಿಕೋಡ್ ಕನ್ನಡದಲ್ಲಿ ಹೆಸರುಗಳನ್ನು ಬರೆಯುವುದು ಸರಿಯಾದ ದಾರಿ. ಶಾಲೆಯ ವಿಜ್ಞಾನ ಮೇಳಕ್ಕೆ, ಊರಿನ ದೇವಸ್ಥಾನದ ಅಥವಾ ಗ್ರಂಥಾಲಯದ ನಕ್ಷೆಗೆ ಇದು ಚೆನ್ನಾಗಿ ಒದಗುತ್ತದೆ.

ನಕಲಿ ಪ್ರತಿಯ ಅಪಾಯ

ನಕಲಿ ಪ್ರತಿ ಹಾಕುವಾಗ ವೈರಸ್ ತಡೆಯುವ ತಂತ್ರಾಂಶವನ್ನು ನಿಲ್ಲಿಸಲು ಹೇಳುವುದು ಸಾಮಾನ್ಯ. ಕಳ್ಳನನ್ನು ಒಳಗೆ ಕರೆಯಲು ನಾಯಿಯನ್ನು ಕಟ್ಟಿಹಾಕಿದಂತೆ ಅದು. ನಕ್ಷೆಯ ಕ್ಷೇತ್ರಕ್ಕೇ ಮೀಸಲಾದ ದುಷ್ಟ ತಂತ್ರಾಂಶಗಳೂ ಇವೆ: 2012ರಲ್ಲಿ ಇಸೆಟ್ ಸಂಸ್ಥೆ ಬಯಲಿಗೆಳೆದ ಮೆಡ್ರೆ ಎಂಬುದು ಆಟೋಕ್ಯಾಡ್ ಮೂಲಕ ಹರಡಿ, ಪೆರು ದೇಶದಲ್ಲಿ ನಕ್ಷೆಗಳನ್ನು ಕದ್ದು ಇಮೇಲ್ ಮೂಲಕ ಹೊರಗೆ ಸಾಗಿಸುತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರಮಾಣಪತ್ರ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಳು ಇರುತ್ತವೆ ಎಂಬುದನ್ನು ಮರೆಯಬಾರದು. ಉಚಿತವಾದ, ನ್ಯಾಯಬದ್ಧವಾದ ತಂತ್ರಾಂಶ ಕೈಯಳತೆಯಲ್ಲಿರುವಾಗ ಈ ಅಪಾಯಕ್ಕೆ ಕಾರಣವಿಲ್ಲ.

ಶಾಲೆಗಳು ಮಾಡಬಹುದಾದದ್ದು

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆ ರೂಪಿಸಿದ, ಉಬುಂಟು ಆಧಾರಿತ ಮುಕ್ತ ತಂತ್ರಾಂಶವಿದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಉಬುಂಟುವಿನ ಭಂಡಾರದಲ್ಲಿ ಲಿಬ್ರೆಕ್ಯಾಡ್ ಲಭ್ಯವಿರುವುದರಿಂದ ಕಾಸರಗೋಡು, ವಯನಾಡಿನ ಪೋಷಕರು ಶಾಲಾ ಐಟಿ ಸಂಯೋಜಕರನ್ನು ಕೇಳಿ ಅದನ್ನು ಹಾಕಿಸಿಕೊಳ್ಳಬಹುದು. ಉಳಿದ ರಾಜ್ಯಗಳ ಕನ್ನಡ ಶಾಲೆಗಳಲ್ಲಿಯೂ ಮೂಲೆಯಲ್ಲಿ ಧೂಳು ಹಿಡಿದಿರುವ ಹಳೆಯ ಕಂಪ್ಯೂಟರುಗಳಿಗೆ ಹಗುರವಾದ ಲಿನಕ್ಸ್ ಹಾಕಿದರೆ ಎಂಟು, ಒಂಬತ್ತನೆಯ ತರಗತಿಯಲ್ಲಿಯೇ ನಕ್ಷೆಯ ಅಭ್ಯಾಸ ಆರಂಭಿಸಬಹುದು. ಪಿಟಿಎ ಸಭೆಯಲ್ಲಿ ಇದನ್ನು ಒಂದು ಬೇಡಿಕೆಯಾಗಿ ಇಡಲು ಅಡ್ಡಿಯಿಲ್ಲ.

ಕನ್ನಡದಲ್ಲಿ ಓದಿದವರು ತಾಂತ್ರಿಕ ಶಿಕ್ಷಣದಲ್ಲಿ ಹಿಂದೆ ಬೀಳುತ್ತಾರೆಂಬ ಮಾತನ್ನು ಗಡಿನಾಡಿನ ಪೋಷಕರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಆ ಮಾತಿಗೆ ಹೆದರಿ ಎಷ್ಟೋ ಮನೆಗಳು ಮಕ್ಕಳ ಮಾಧ್ಯಮವನ್ನು ಬದಲಿಸಿವೆ. ಒಂದು ಕಡತ ತೆರೆಯದಿದ್ದಾಗ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಮಗುವಿಗೆ ಆ ಮಾತು ನಿಜವೆಂದೇ ತೋರುತ್ತದೆ. ಆ ಕಡತ ತೆರೆಯದಿದ್ದುದು ಭಾಷೆಯ ಕಾರಣದಿಂದಲ್ಲ, ಆವೃತ್ತಿಯ ಕಾರಣದಿಂದ. ಇದನ್ನು ಮಗುವಿಗೆ ತಿಳಿಸಿ ಹೇಳಿ, ಈ ಸಂಜೆಯೇ ಹಳೆಯ ಕಂಪ್ಯೂಟರಿನ ಮುಂದೆ ಜೊತೆಗೆ ಕುಳಿತು, 4000 ಮತ್ತು 3000ದ ಆ ಕೋಣೆಯನ್ನು ಬಿಡಿಸಿ ನೋಡಬೇಕೆಂದು ನಾವು ಕೋರುತ್ತೇವೆ.